ದೇವನೂರಿನ ಹೊಲಕ್ಕೆ ಬಂದ ಮರುಭೂಮಿಯ ಕಡಲು

ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಾಗಲಿ, ತಿರುಮಕೂಡಲು ನರಸೀಪುರದ ಸುತ್ತಿನ ಊರುಗಳಲ್ಲಾಗಲಿ, ಬಿತ್ತನೆಯ ಕಾಲಕ್ಕೆ ರೈತರು ವಿಚಾರಿಸುವುದು ಡಿ.ಎ.ಪಿ. ಬಂತೇ ಎಂದು. ಆ ಮೂಟೆಯ ಮೇಲೆ 18-46 ಎಂಬ ಅಂಕಿಗಳಿರುತ್ತವೆ. ಮೊದಲನೆಯದು ಸಾರಜನಕದ ಪ್ರಮಾಣ, ಎರಡನೆಯದು ರಂಜಕದ್ದು. ಸಾರಜನಕವನ್ನು ಗಾಳಿಯಿಂದ ಹಿಡಿದು ಗೊಬ್ಬರ ಮಾಡಬಹುದು. ರಂಜಕಕ್ಕೆ ಆ ದಾರಿ ಇಲ್ಲ. ಅದನ್ನು ನೆಲದಿಂದ ಕಲ್ಲಾಗಿಯೇ ಅಗೆದು ತೆಗೆಯಬೇಕು.

ಆ ಕಲ್ಲಿನ ಮುಖ್ಯ ಖನಿಜ ಅಪಟೈಟ್. ಹೆಸರು ಹೊಸದೆನಿಸಿದರೂ ವಸ್ತು ಹೊಸದಲ್ಲ. ಮನುಷ್ಯನ ಎಲುಬು, ಹಲ್ಲುಗಳಿಗೆ ಗಟ್ಟಿತನ ಕೊಡುವುದೂ ಇದೇ ಬಗೆಯ ಖನಿಜ. ನರಸೀಪುರದ ಉತ್ಖನನದಲ್ಲಿ ನವಶಿಲಾಯುಗದ ಮನುಷ್ಯರ ಎಲುಬುಗಳು ಸಿಕ್ಕಿವೆ. ಸಾವಿರಾರು ವರ್ಷ ಅವು ಮಣ್ಣಿನಲ್ಲಿ ಉಳಿದು ಬಂದದ್ದು ಈ ಖನಿಜದ ಬಲದಿಂದ.

ಇಂಥ ಕಲ್ಲಿನ ಹೆಸರಾಂತ ನೆಲೆಗಳಲ್ಲಿ ಒಂದು, ಉತ್ತರ ಆಫ್ರಿಕಾದ ಟ್ಯುನೀಷಿಯಾ ದೇಶದ ಗಫ್ಸಾ. ಇಂದು ಅದು ಬೋಳು ಗುಡ್ಡಗಳ ಒಣನಾಡು. ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಕಡಲಿತ್ತು. ಅದರಲ್ಲಿ ಹುಲುಸಾಗಿ ಬೆಳೆದು ಸತ್ತ ಜೀವಿಗಳ ಅವಶೇಷ ತಳದ ಕೆಸರಿಗೆ ಸೇರಿ, ರಂಜಕವೆಲ್ಲ ಸಣ್ಣ ಕಾಳುಗಳಾಗಿ ಗಟ್ಟಿಗೊಂಡಿತು. ಆ ಪದರಗಳಲ್ಲಿ ಈಗಲೂ ಶಾರ್ಕ್ ಮೀನಿನ ಹಲ್ಲುಗಳು ದೊರೆಯುತ್ತವೆ.

1885ರಲ್ಲಿ ಈ ನಿಕ್ಷೇಪವನ್ನು ಗುರುತಿಸಿದವನು ಫಿಲಿಪ್ ಥಾಮಸ್ ಎಂಬ ಫ್ರೆಂಚ್ ಪಶುವೈದ್ಯ. 1897ರಲ್ಲಿ ಗಣಿ ಕಂಪನಿ ಹುಟ್ಟಿತು. ಸಂಪತ್ತು ರೈಲು ಹತ್ತಿ ರೇವಿಗೆ ಹೋಯಿತು. ಗಣಿಯ ಊರುಗಳಲ್ಲಿ ಬಡತನ ಉಳಿಯಿತು. 2008ರಲ್ಲಿ ಕೆಲಸ ಕೊಡುವುದರಲ್ಲಿ ಅನ್ಯಾಯವಾಗಿದೆ ಎಂದು ರೆಡೆಯೆಫ್ ಪಟ್ಟಣದ ಜನ ತಿಂಗಳುಗಟ್ಟಲೆ ಬೀದಿಗಿಳಿದರು. ಸರ್ಕಾರ ಆ ಚಳವಳಿಯನ್ನು ಬಲಪ್ರಯೋಗದಿಂದ ಹತ್ತಿಕ್ಕಿತು.

ಅಗೆದ ಕಲ್ಲು ಹಾಗೆಯೇ ನೀರಿನಲ್ಲಿ ಕರಗುವುದಿಲ್ಲ. ಗಂಧಕಾಮ್ಲ ಹಾಕಿ ಅದರಿಂದ ರಂಜಕಾಮ್ಲ ತೆಗೆಯಬೇಕು. ಹಾಗೆ ತೆಗೆದಾಗ ಒಂದು ಟನ್ನಿಗೆ ಸುಮಾರು ಐದು ಟನ್ ಜಿಪ್ಸಮ್ ಕಸ ಉಳಿಯುತ್ತದೆ. ಟ್ಯುನೀಷಿಯಾದ ಗಾಬೆಸ್ ಕಾರ್ಖಾನೆಗಳು ದಶಕಗಳ ಕಾಲ ಇಂಥ ಕಸವನ್ನು ಕೊಲ್ಲಿಗೆ ಸುರಿದವು. ಮೀನುಗಾರರ ಜೀವನೋಪಾಯಕ್ಕೇ ಪೆಟ್ಟುಬಿತ್ತು.

ಇದು ದೂರದ ದೇಶದ ಸುದ್ದಿಯೆಂದು ಬಿಡುವಂತಿಲ್ಲ. ಭಾರತಕ್ಕೆ ರಾಜಸ್ಥಾನದ ಉದಯಪುರದ ಬಳಿ ಝಾಮರ್‌ಕೋಟ್ರಾ ನಿಕ್ಷೇಪ 1968ರಲ್ಲಿ ದೊರೆಯಿತು. ಅದು ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಶಿಲೆ. ಆದರೆ ದೇಶದ ಹೊಲಗಳಿಗೆ ಅದು ಸಾಲದು. ಆದ್ದರಿಂದ ಕಲ್ಲು, ಆಮ್ಲ, ಸಿದ್ಧಗೊಬ್ಬರ ಎಲ್ಲವೂ ಮೊರಾಕ್ಕೊ, ಜೋರ್ಡಾನ್ ಮುಂತಾದ ಕಡೆಗಳಿಂದ ಹಡಗಿನಲ್ಲಿ ಬರುತ್ತವೆ. ಟ್ಯುನೀಷಿಯಾದ ಸ್ಖೀರಾದಲ್ಲಿ 2013ರಲ್ಲಿ ಉತ್ಪಾದನೆ ಆರಂಭಿಸಿದ ಆಮ್ಲದ ಕಾರ್ಖಾನೆಯಲ್ಲಿ ಭಾರತದ ಕಂಪನಿಗಳ ಬಂಡವಾಳವೂ ಸೇರಿತ್ತು.

ಇಷ್ಟು ದೂರದಿಂದ ಬಂದ ರಂಜಕವೆಲ್ಲ ಪೈರಿಗೆ ಸೇರುವುದೂ ಇಲ್ಲ. ಕೆಮ್ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ, ಎರೆಮಣ್ಣಿನಲ್ಲಿ ಸುಣ್ಣದ ಅಂಶ ಅದನ್ನು ಹಿಡಿದು ಕೂರಿಸುತ್ತವೆ. ಮಳೆಗೆ ಮೇಲ್ಮಣ್ಣು ಕೊಚ್ಚಿಹೋದರೆ ಅದರೊಂದಿಗೆ ರಂಜಕವೂ ಹೊಳೆ ಸೇರಿ ಪಾಚಿ ಬೆಳೆಸುತ್ತದೆ. ಹೀಗಿರುವಾಗ, ಹೋದ ವರ್ಷ ಹಾಕಿದ್ದೆವು, ಈ ವರ್ಷವೂ ಹಾಕೋಣ ಎಂಬ ವಾಡಿಕೆ ದುಬಾರಿಯಾದದ್ದು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕುವುದು, ಕೊಟ್ಟಿಗೆ ಗೊಬ್ಬರ ಕೂಡಿಸುವುದು, ಬದು ಕಟ್ಟಿ ಮೇಲ್ಮಣ್ಣು ಉಳಿಸಿಕೊಳ್ಳುವುದು — ಇವು ಹಣ ಉಳಿಸುವ ಉಪಾಯಗಳಷ್ಟೇ ಅಲ್ಲ. ಕಡಲು ಕೋಟಿ ವರ್ಷಗಳಲ್ಲಿ ಕೂಡಿಟ್ಟ ಗಂಟು ಅದು. ಗಫ್ಸಾದ ಗಣಿಯಾಳು ಬೆವರು ಸುರಿಸಿ ತೆಗೆದದ್ದು. ಹಿಡಿಯಷ್ಟನ್ನೂ ಲೆಕ್ಕವಿಟ್ಟು ಖರ್ಚು ಮಾಡುವುದೇ ನ್ಯಾಯ.