ಕೊರಿಯಾದ ಗರಡಿಯಲ್ಲಿ ಗುರುಶಿಷ್ಯರು



ಕನ್ನಡ ಪಂಡಿತನಿಗೂ ಕಾಲಿನಿಂದ ಒದೆಯುವ ವಿದ್ಯೆಗೂ ಏನು ಸಂಬಂಧವೆಂದು ನೀವು ನಗಬಹುದು. ನಗಬೇಕಾದ್ದೇ. ಸಂಧಿ ಸಮಾಸಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಈ ಗೊಡವೆ ಬಂದದ್ದು ಒಬ್ಬ ತಾಯಿಯ ದೆಸೆಯಿಂದ.

ಆಕೆಯ ಮಗಳು ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. ಒಂದು ದಿನ ತಾಯಿ ಬಂದು, “ಮೇಷ್ಟ್ರೇ, ಬೆಳಿಗ್ಗೆ ಬಯಲಿನಲ್ಲಿ ಟೇಕ್ವಾಂಡೊ ಕಲಿಯುತ್ತೇನೆಂದು ನಮ್ಮ ಹುಡುಗಿ ಹಟ ಹಿಡಿದಿದ್ದಾಳೆ. ನಿಮ್ಮ ಮಾತು ಕೇಳುತ್ತಾಳೆ, ಬೇಡವೆಂದು ಹೇಳಿ. ಹೆಣ್ಣುಮಗಳು ಕಾಲೆತ್ತಿ ಒದೆಯುವುದನ್ನು ಕಲಿತು ಆಗಬೇಕಾದ್ದೇನು?” ಎಂದರು. ನಾನು ಹಿಂದುಮುಂದು ನೋಡದೆ “ಹೇಳುತ್ತೇನೆ” ಎಂದುಬಿಟ್ಟೆ.

ಆದರೆ ರಾತ್ರಿ ಮಲಗಿದಾಗ ಮನಸ್ಸು ಕುಟುಕಿತು. ಪೂರ್ವಪಕ್ಷವನ್ನು ಅರಿಯದೆ ಖಂಡನೆಗೆ ಹೊರಡಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ನನಗೆ ಆ ವಿದ್ಯೆಯ ಹೆಸರಿನ ಅರ್ಥವೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಬಯಲಿಗೆ ಹೋಗಿ ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆ. ಅನಂತರ ದೊರೆತ ಪುಸ್ತಕಗಳನ್ನು ಓದಿದೆ. ಹಾಗೆ ಕಂಡದ್ದನ್ನೂ ಓದಿದ್ದನ್ನೂ ನಿಮ್ಮ ಮುಂದಿಡುತ್ತೇನೆ. ರೇಡಿಯೋದಲ್ಲಿ ಕೇಳಿದವರು ಇಲ್ಲಿ ಮತ್ತೊಮ್ಮೆ ನಿಧಾನವಾಗಿ ಓದಿಕೊಳ್ಳಬಹುದು.

ಮೊದಲು ಹೆಸರು. ‘ತೆ’ ಎಂದರೆ ಕಾಲಿನ ಹೊಡೆತ, ‘ಕ್ವನ್’ ಎಂದರೆ ಮುಷ್ಟಿ, ‘ದೊ’ ಎಂದರೆ ಮಾರ್ಗ. ನಮ್ಮಲ್ಲಿ ಸಂಸ್ಕೃತದ ತತ್ಸಮಗಳಿರುವಂತೆ ಕೊರಿಯಾ ಭಾಷೆಯಲ್ಲಿ ಚೀನೀ ಮೂಲದ ಪದಗಳು ಹೇರಳ. ಈ ಮೂರೂ ಅಂಥವೇ. ಕಲಿಯುವ ಸ್ಥಳಕ್ಕೆ ‘ದೊಜಾಂಗ್’ ಎಂದು ಹೆಸರು, ಮಾರ್ಗದ ಅಂಗಳವೆಂದು ಅರ್ಥ. ಕಲಿಸುವವನು ‘ಸಬಮ್’. ಈ ಪದದ ಮೊದಲ ಅಕ್ಷರಕ್ಕೆ ಗುರು ಎಂದೂ ಎರಡನೆಯದಕ್ಕೆ ಮಾದರಿ ಎಂದೂ ಅರ್ಥ. ತಾನು ಆಚರಿಸಿ ತೋರಿಸುವವನೇ ಆಚಾರ್ಯನೆಂದು ನಾವು ಹೇಳುವುದಿಲ್ಲವೇ? ದೂರದ ಎರಡು ನಾಡುಗಳು ಗುರುವಿನಿಂದ ಬಯಸಿದ್ದು ಒಂದನ್ನೇ.

ಕೊರಿಯಾ ಎಂದೊಡನೆ ನಮ್ಮ ಹಿರಿಯರಿಗೆ ಕೊಡಗಿನ ಜನರಲ್ ತಿಮ್ಮಯ್ಯನವರ ನೆನಪಾಗುತ್ತಿತ್ತು. ೧೯೫೩ರಲ್ಲಿ ಅಲ್ಲಿನ ಯುದ್ಧ ನಿಂತಾಗ, ಸೆರೆಯಾಳುಗಳ ಮರಳುವಿಕೆಯನ್ನು ನೋಡಿಕೊಳ್ಳಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ನಾಡು ಎರಡಾಗಿ ಸೀಳಿ, ಊರುಗಳು ಬೂದಿಯಾಗಿದ್ದ ಕಾಲ ಅದು. ಅದಾದ ಎರಡೇ ವರ್ಷಕ್ಕೆ, ೧೯೫೫ರ ಏಪ್ರಿಲ್ ತಿಂಗಳಲ್ಲಿ, ಈ ವಿದ್ಯೆಗೆ ಟೇಕ್ವಾಂಡೊ ಎಂಬ ಹೆಸರಾಯಿತು. ಹೆಸರನ್ನು ಮುಂದಿಟ್ಟವರಲ್ಲಿ ಮುಖ್ಯರು ಚೋಯ್ ಹೊಂಗ್ ಹಿ ಎಂಬ ಸೇನಾಧಿಕಾರಿ.

ಇಲ್ಲಿ ಒಂದು ಸತ್ಯವನ್ನು ಹೇಳಬೇಕು. ಟೇಕ್ವಾಂಡೊ ಎರಡು ಸಾವಿರ ವರ್ಷಗಳ ವಿದ್ಯೆಯೆಂದು ಎಷ್ಟೋ ಪುಸ್ತಕಗಳು ಬರೆದಿವೆ. ಹಳೆಯ ಕೊಗುರ್ಯೊ ರಾಜ್ಯದ ಗೋರಿಗಳ ಗೋಡೆಯ ಮೇಲೆ ಎದುರುಬದುರು ನಿಂತ ಇಬ್ಬರ ಚಿತ್ರವುಂಟು, ಅದನ್ನೇ ಸಾಕ್ಷಿಯೆನ್ನುತ್ತಾರೆ. ವಸ್ತುಸ್ಥಿತಿ ಬೇರೆ. ೧೯೧೦ರಿಂದ ೧೯೪೫ರವರೆಗೆ ಕೊರಿಯಾವನ್ನು ಜಪಾನ್ ಆಳಿತು. ಓದಲು ಜಪಾನಿಗೆ ಹೋದ ಕೊರಿಯಾದ ತರುಣರು ಅಲ್ಲಿ ಕರಾಟೆ ಕಲಿತರು. ಅವರಲ್ಲೊಬ್ಬರಾದ ಯಿ ವನ್ ಗುಕ್ ೧೯೪೪ರಲ್ಲಿ ಸೋಲ್ ನಗರದಲ್ಲಿ ‘ಚಂಗ್ ದೊ ಕ್ವನ್’ ಎಂಬ ಗರಡಿ ತೆರೆದರು. ಬಿಡುಗಡೆಯಾದ ಮೇಲೆ ಇಂಥ ಇನ್ನೂ ಹಲವು ಗರಡಿಗಳು ಹುಟ್ಟಿದವು. ಮೊದಮೊದಲು ಅವುಗಳಲ್ಲಿ ಕಲಿಸುತ್ತಿದ್ದುದು ಬಹುಪಾಲು ಕರಾಟೆಯ ವರಸೆಗಳನ್ನೇ. ಕ್ರಮೇಣ ಕೊರಿಯನ್ನರು ಕೈಗಿಂತ ಕಾಲಿಗೆ ಹೆಚ್ಚು ಕೆಲಸ ಕೊಟ್ಟರು, ತಮ್ಮವೇ ವರಸೆಗಳನ್ನು ಕಟ್ಟಿದರು, ಅದು ಅವರದೇ ವಿದ್ಯೆಯಾಯಿತು.

ಇದರಿಂದ ಅದರ ಮಾನ ಕುಗ್ಗಿತೇ? ನನಗೆ ಹಾಗೆ ತೋರುವುದಿಲ್ಲ. ಕನ್ನಡಕ್ಕೆ ಎಷ್ಟು ಭಾಷೆಗಳಿಂದ ಪದಗಳು ಬಂದಿಲ್ಲ! ಎರವಲು ಬಂದ ಪದವನ್ನು ನಾಲ್ಕು ತಲೆಮಾರು ಬಾಯಿತುಂಬ ಆಡಿದರೆ ಅದು ಮನೆಯ ಪದವೇ ಆಗುತ್ತದೆ. ತಪ್ಪು ಎರವಲಿನಲ್ಲಿಲ್ಲ, ಎರವಲನ್ನು ಮರೆಮಾಚುವುದರಲ್ಲಿದೆ. ಕೊರಿಯಾದ ಹಿಂದಿನವರಿಗೆ ಆ ಸಂಕೋಚವಿರಲಿಲ್ಲ. ೧೭೯೦ರಲ್ಲಿ ಜಂಗ್‌ಜೊ ಎಂಬ ಅರಸನ ಅಪ್ಪಣೆಯಂತೆ ‘ಮುಯೆ ದೊಬೊ ತೊಂಗ್‌ಜಿ’ ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಅದರಲ್ಲಿ ಇಪ್ಪತ್ತನಾಲ್ಕು ಬಗೆಯ ಕಾಳಗ ವಿದ್ಯೆಗಳಿವೆ. ಜಪಾನಿನ ಕತ್ತಿವರಸೆಯನ್ನು ಜಪಾನಿನದೆಂದೇ ಹೆಸರಿಸಿ ಅಲ್ಲಿ ಸೇರಿಸಿದ್ದಾರೆ.

ಹಾಗಾದರೆ ನೆಲದಲ್ಲೇ ಹುಟ್ಟಿದ ವಿದ್ಯೆ ಯಾವುದೂ ಇರಲಿಲ್ಲವೇ? ಇತ್ತು. ಅದರ ಹೆಸರು ತೆಕ್ಕ್ಯನ್. ಹಬ್ಬದ ದಿನಗಳಲ್ಲಿ ಹಳ್ಳಿಯ ಜನ ಆಡುತ್ತಿದ್ದ ಕಾಲ್ಗಾಳಗವಿದು. ೧೮೪೬ರ ಒಂದು ಚಿತ್ರದಲ್ಲಿ ಮಂದಿ ಸುತ್ತುಗಟ್ಟಿ ಕುಸ್ತಿಯನ್ನೂ ಈ ತೆಕ್ಕ್ಯನ್ ಆಟವನ್ನೂ ನೋಡುತ್ತಿರುವುದನ್ನು ಕಾಣಬಹುದು. ಇದನ್ನು ಆಡುವವರು ನೆಟ್ಟಗೆ ನಿಲ್ಲುವುದಿಲ್ಲ. ಮುಕ್ಕೋನದ ಮೂರು ಮೂಲೆಗಳನ್ನು ತುಳಿಯುತ್ತ, ಕುಣಿಯುವವರಂತೆ ತೂಗಾಡುತ್ತಾರೆ. ಎದುರಾಳಿಯನ್ನು ಕೆಡವಿದರೆ ಗೆಲುವು. ಬಲ್ಲವನು ಎದುರಾಳಿಯನ್ನು ಬೇಗ ಸೋಲಿಸಬಲ್ಲ. ಆದರೆ ಪೆಟ್ಟಾಗದಂತೆ ಅವನನ್ನು ಹಿಮ್ಮೆಟ್ಟಿಸಬಲ್ಲವನೇ ನಿಜವಾದ ಗುರು ಎಂಬುದು ಅವರ ನಂಬಿಕೆ.

ಜಪಾನಿನ ಆಳ್ವಿಕೆಯಲ್ಲಿ ಈ ಆಟ ಅಡಗಿಹೋಯಿತು. ಸ್ವಾತಂತ್ರ್ಯ ಬರುವ ವೇಳೆಗೆ ಬಲ್ಲವರು ಬೆರಳೆಣಿಕೆಗೂ ಸಿಗದಂತಾದರು. ೧೮೯೩ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಇಮ್ ಹೊ ಎಂಬ ಗುರುವಿನಿಂದ ಕಲಿತಿದ್ದ ಸೊಂಗ್ ದೊಕ್ ಗಿ ಎಂಬ ವೃದ್ಧರು ಉಳಿದಿದ್ದರು. ಅವರ ಬಳಿಗೆ ಶಿನ್ ಹನ್ ಸಂಗ್ ಎಂಬುವರು ಬಂದು ಕಲಿತು, ಚೆದುರಿದ್ದ ಪಟ್ಟುಗಳನ್ನು ಒಂದು ಕ್ರಮಕ್ಕೆ ತಂದರು. ೧೯೮೩ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ತೆಕ್ಕ್ಯನ್ನನ್ನು ರಕ್ಷಿಸಬೇಕಾದ ಸಂಸ್ಕೃತಿಯ ಸೊತ್ತೆಂದು ಸಾರಿತು. ನಾಲ್ಕೇ ವರ್ಷದಲ್ಲಿ, ೧೯೮೭ರಲ್ಲಿ, ಗುರುವೂ ತೀರಿಕೊಂಡರು, ಶಿಷ್ಯರೂ ತೀರಿಕೊಂಡರು. ಗುರುವಿಗೆ ತೊಂಬತ್ತು ದಾಟಿತ್ತು, ಶಿಷ್ಯರಿಗೆ ಅರವತ್ತೂ ತುಂಬಿರಲಿಲ್ಲ. ಅವರು ಒಂದು ಹತ್ತು ವರ್ಷ ತಡಮಾಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಅಷ್ಟರಲ್ಲಿ ಬೇರೆಯವರಿಗೂ ಕಲಿಸಿದ್ದರಿಂದ ವಿದ್ಯೆ ಉಳಿಯಿತು. ೨೦೧೧ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ವಿದ್ಯೆಗೆ ಗ್ರಂಥವೊಂದೇ ಸಾಲದು, ದೇಹದಿಂದ ದೇಹಕ್ಕೆ ದಾಟಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮತ್ತೆ ಟೇಕ್ವಾಂಡೊಗೆ ಬರೋಣ. ಅದೂ ನಾಡಿನಂತೆಯೇ ಇಬ್ಭಾಗವಾಯಿತು. ಚೋಯ್ ಹೊಂಗ್ ಹಿ ೧೯೬೬ರಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಸರ್ಕಾರದೊಡನೆ ಮನಸ್ತಾಪವಾಗಿ ೧೯೭೨ರಲ್ಲಿ ಕೆನಡಾ ಸೇರಿದರು. ಅದೇ ವರ್ಷ ಸೋಲ್ ನಗರದಲ್ಲಿ ‘ಕುಕ್ಕಿವನ್’ ಎಂಬ ಕೇಂದ್ರ ಗರಡಿ ತೆರೆಯಿತು, ಮರುವರ್ಷ ಅಲ್ಲಿಯೇ ಮತ್ತೊಂದು ವಿಶ್ವ ಒಕ್ಕೂಟ ಹುಟ್ಟಿತು. ಈ ಎರಡನೆಯ ಶಾಖೆಯದೇ ೧೯೮೮ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನವಾಗಿ, ೨೦೦೦ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಆಟವಾಯಿತು. ಚೋಯ್ ೨೦೦೨ರಲ್ಲಿ ಉತ್ತರ ಕೊರಿಯಾದ ರಾಜಧಾನಿಯಲ್ಲಿ ಕಣ್ಣುಮುಚ್ಚಿದರು.

ಚೋಯ್ ಅವರ ಶಾಖೆಯಲ್ಲಿ ಇಪ್ಪತ್ತನಾಲ್ಕು ವರಸೆಗಳುಂಟು. ದಿನದ ಇಪ್ಪತ್ತನಾಲ್ಕು ಗಂಟೆಗಳಿಗೆ ಅವು ಸಂಕೇತ. ಮೊದಲನೆಯದರ ಹೆಸರು ‘ಆಕಾಶ ಭೂಮಿ’. ಮುಂದಿನವು ಹೆಚ್ಚಾಗಿ ಕೊರಿಯಾದ ಚರಿತ್ರೆಯ ಪಾಠಗಳು. ‘ಸಮ್ ಇಲ್’ ಎಂಬುದರಲ್ಲಿ ಮೂವತ್ತಮೂರು ಚಲನೆಗಳಿವೆ. ೧೯೧೯ರ ಮಾರ್ಚಿ ಒಂದರ ಸ್ವಾತಂತ್ರ್ಯ ಚಳವಳಿಯ ಮೂವತ್ತಮೂರು ಮುಂದಾಳುಗಳ ನೆನಪು ಅದು. ಆಮೆಯಾಕಾರದ ಹಡಗುಗಳಿಂದ ಹೆಸರಾದ ನೌಕಾಪತಿ ಯಿ ಸುನ್ ಸಿನ್ ಅವರ ವರಸೆ ಎಡಗೈಯ ಹೊಡೆತದಿಂದ ಕೊನೆಯಾಗುತ್ತದೆ. ಅರಸನಿಗೆ ನಿಷ್ಠನಾಗಿದ್ದು ಪೂರ್ಣ ಶಕ್ತಿ ತೋರುವ ಮುನ್ನವೇ ಮಡಿದನೆಂಬ ಮರುಕ ಅದರಲ್ಲಿದೆ. ಕಡೆಯ ವರಸೆ ‘ತೊಂಗ್ ಇಲ್’, ಎಂದರೆ ಒಂದಾಗುವಿಕೆ. ಅದನ್ನು ಕಲಿಯುವವರು ಇಂದಿಗೂ ಎರಡಾಗಿಯೇ ಇರುವ ನಾಡಿನ ಆಸೆಯನ್ನು ಮೈಯಿಂದ ಬರೆಯುತ್ತಾರೆ.

ಪಂಡಿತನಾದ ನನಗೆ ಹಿಡಿಸಿದ್ದು ‘ಸೆಜೊಂಗ್’ ವರಸೆ. ಸೆಜೊಂಗ್ ೧೪೪೬ರಲ್ಲಿ ಕೊರಿಯಾ ಭಾಷೆಗೆ ಸ್ವಂತ ಲಿಪಿಯನ್ನು ಕೊಟ್ಟ ಅರಸ. ಆ ಲಿಪಿಯಲ್ಲೂ ನಮ್ಮ ವರ್ಗಗಳಂತೆ ಉಚ್ಚಾರಣೆಯ ಸ್ಥಾನ ನೋಡಿ ವ್ಯಂಜನಗಳನ್ನು ಗುಂಪು ಮಾಡಿದ್ದಾರೆ. ಇಂದು ಬಳಕೆಯಲ್ಲಿರುವ ಇಪ್ಪತ್ತನಾಲ್ಕು ಅಕ್ಷರಗಳಿಗೆ ಇಪ್ಪತ್ತನಾಲ್ಕು ಚಲನೆಗಳು. ಅಕ್ಷರಕ್ಕೆ ಕೈಕಾಲಿನಿಂದ ನಮಸ್ಕಾರ! ಇದನ್ನು ತರಗತಿಯಲ್ಲಿ ಹೇಳಿದಾಗ ಆ ಹುಡುಗಿ, “ಸಾರ್, ನಮ್ಮ ವರ್ಣಮಾಲೆಗೂ ಒಂದು ವರಸೆ ಕಟ್ಟಿದರೆ?” ಎಂದಳು. ನಲವತ್ತೊಂಬತ್ತು ಚಲನೆ ಮುಗಿಯುವಷ್ಟರಲ್ಲಿ ಮಹಾಪ್ರಾಣಗಳ ಜೊತೆಗೆ ನನ್ನ ಪ್ರಾಣವೂ ಹೋದೀತೆಂದೆ. ಮಕ್ಕಳು ನಕ್ಕರು.

ನಮ್ಮ ಬಯಲಿನಲ್ಲಿ ಕಲಿಸುವುದು ಎರಡನೆಯ ಶಾಖೆಯ ‘ತೆಗುಕ್’ ವರಸೆಗಳನ್ನು. ಅವು ಎಂಟು. ಆಕಾಶ, ಸರೋವರ, ಬೆಂಕಿ, ಗುಡುಗು, ಗಾಳಿ, ನೀರು, ಬೆಟ್ಟ, ಭೂಮಿ ಎಂದು ಒಂದೊಂದಕ್ಕೆ ಒಂದೊಂದು ತತ್ತ್ವ. ಸೊಂಟದ ಪಟ್ಟಿ ಬಿಳಿಯಿಂದ ಮೊದಲಾಗಿ ಹಳದಿ, ಹಸಿರು, ನೀಲಿ, ಕೆಂಪು, ಕೊನೆಗೆ ಕಪ್ಪು. ಕಪ್ಪು ಪಟ್ಟಿ ಸಿಕ್ಕರೆ ವಿದ್ಯೆ ಮುಗಿಯಿತೆಂದು ನಾನೂ ತಿಳಿದಿದ್ದೆ. ಅದು ಆರಂಭ. ಕಪ್ಪಿನ ಮೊದಲ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಏರಲು ಕುಕ್ಕಿವನ್ ನಿಯಮದಂತೆ ಕಡಮೆಯೆಂದರೂ ಆರು ವರ್ಷ ಬೇಕು.

ಕಲಿಸುವ ಬಗೆ ಹೇಗೆ? ಮೊದಲು ಒಂದೇ ಒದೆತವನ್ನು ನಾಲ್ಕು ತುಂಡಾಗಿ ಮುರಿಯುತ್ತಾರೆ. ಮಂಡಿ ಎತ್ತು, ಕಾಲು ಚಾಚು, ಮತ್ತೆ ಮಡಿಸು, ಆಮೇಲೆ ನೆಲಕ್ಕಿಡು. ‘ಹಾನಾ, ದುಲ್, ಸೆತ್, ನೆತ್’ ಎಂದು ಎಣಿಕೆ. ಚಾಚುವುದಕ್ಕಿಂತ ಮಡಿಸುವುದೇ ಕಷ್ಟವಂತೆ. ಚಾಚಿದ ಕಾಲನ್ನು ಹಿಂದಕ್ಕೆಳೆದುಕೊಳ್ಳಲು ಬಾರದವನು ಮೈತೂಕ ತಪ್ಪಿ ಮುಂದಕ್ಕೆ ಬೀಳುತ್ತಾನೆ. ಜೊತೆಗಾರನ ಮೈಗೆ ಒಂದು ಗೇಣು ದೂರದಲ್ಲಿ ಕಾಲನ್ನು ನಿಲ್ಲಿಸುವ ಅಭ್ಯಾಸವನ್ನು ಮಕ್ಕಳು ತಿಂಗಳುಗಟ್ಟಲೆ ಮಾಡಿದರು.

ಆದರೆ ನನ್ನನ್ನು ಕಲಕಿದ್ದು ಒದೆತವಲ್ಲ. ಪಾಠ ಮೊದಲಾಗುವಾಗ ಮಕ್ಕಳು ಸಾಲಾಗಿ ನಿಂತು ಸೊಂಟ ಬಗ್ಗಿಸಿ ವಂದಿಸಿದರು. ಕಲಿಸುವಾತನೂ ಹಾಗೆಯೇ ಬಗ್ಗಿ ವಂದಿಸಿದನು. ಮುಗಿದಾಗಲೂ ಹಾಗೆಯೇ. ಒಂದು ಒದೆತಕ್ಕೆ ಹಲಗೆ ಮುರಿಯಬಲ್ಲ ಆ ತರುಣ, ತಪ್ಪು ಮಾಡಿದ ಹುಡುಗನ ಪಾದವನ್ನು ಎರಡು ಬೆರಳಿನಿಂದ ಸರಿಯಾದ ಕೋನಕ್ಕೆ ತಿರುಗಿಸಿ ಮುಂದೆ ಹೋದನು. ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಜಿನ ಮೇಲೆ ಬೆತ್ತವಿರುತ್ತಿತ್ತು. ಮಕ್ಕಳನ್ನು ದಂಡಿಸಕೂಡದೆಂಬ ಕಾನೂನು ೨೦೦೯ರಲ್ಲಿ ಬಂತು. ನನ್ನ ಬೆತ್ತ ಅದಕ್ಕೆ ಬಹಳ ಹಿಂದಿನದು. ಗುರು ಲಘು ತಪ್ಪಿದನೆಂದು ಒಬ್ಬ ಹುಡುಗನ ಅಂಗೈಗೆ ಆರು ಏಟು ಕೊಟ್ಟೆ. ಅವನು ಅಳಲಿಲ್ಲ. ಛಂದಸ್ಸನ್ನೂ ಕಲಿಯಲಿಲ್ಲ. ಈಗ ಪೇಟೆಯಲ್ಲಿ ಅಂಗಡಿಯಿಟ್ಟಿದ್ದಾನೆ. ಸಾಮಾನು ಕೊಡುವಾಗ ಇಂದಿಗೂ ಎರಡು ಕೈಯಿಂದ ಕೊಡುತ್ತಾನೆ, ಆ ಅಂಗೈಯನ್ನು ನಾನು ನೇರವಾಗಿ ನೋಡಲಾರೆ. ಹೊಡೆಯುವುದನ್ನೇ ಕಲಿಸುವ ಗುರು ಹೊಡೆಯದೆ ಕಲಿಸುತ್ತಾನೆ, ಕಾವ್ಯ ಕಲಿಸುವ ನಾನು ಹೊಡೆದು ಕಲಿಸಹೊರಟಿದ್ದೆ. ಬೇವಿನ ಕಟ್ಟೆಯ ಮೇಲೆ ಕುಳಿತು ಇದನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ.

ಎಲ್ಲ ಗರಡಿಗಳೂ ಹೀಗೆಯೇ ಎಂದು ನಾನು ಹೇಳಲಾರೆ. ಹಣ ಕಟ್ಟಿದವರಿಗೆಲ್ಲ ಪಟ್ಟಿ ಹಂಚುವವರೂ ಉಂಟು, ಪದಕದ ಆತುರಕ್ಕೆ ಎಳೆಯ ಮಂಡಿಗಳನ್ನು ಬಲಿಗೊಡುವವರೂ ಉಂಟು. ಆದುದರಿಂದ ಮಕ್ಕಳನ್ನು ಕಳುಹಿಸುವ ಮೊದಲು ನೀವೇ ಒಂದು ದಿನ ಹೋಗಿ ಕುಳಿತು ನೋಡಿ. ಗುರು ಮರಳಿ ವಂದಿಸುತ್ತಾನೆಯೇ? ಮೈ ಕಾಯಿಸಿಕೊಳ್ಳಲು ಸಾಕಷ್ಟು ಹೊತ್ತು ಕೊಡುತ್ತಾನೆಯೇ? ಎಳೆಯರ ಕೈಯಲ್ಲಿ ಹಲಗೆ ಮುರಿಸುವ ಅವಸರ ಮಾಡುತ್ತಾನೆಯೇ? ಪಟ್ಟಿಯನ್ನು ತಡೆದು ಕೊಡುತ್ತಾನೆಯೇ, ಬೇಗ ಕೊಡುತ್ತಾನೆಯೇ? ಇಷ್ಟು ತಿಳಿದರೆ ಸಾಕು.

ಆ ತಾಯಿಗೆ ನಾನು ಕೊಟ್ಟ ಮಾತು ಹಾಗೆಯೇ ಉಳಿದಿತ್ತು. ವಾರ ಕಳೆದ ಮೇಲೆ ಆಕೆಯನ್ನು ಕರೆಸಿ, “ಅಮ್ಮ, ಬೇಡವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಮ್ಮೆ ನೀವೇ ಬಂದು ನೋಡಿ” ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಬಂದರು. ಅರ್ಧ ಗಂಟೆ ಮಾತಾಡದೆ ನೋಡಿದರು. ಎದ್ದು ಹೊರಡುವಾಗ, “ಪರೀಕ್ಷೆಯ ಅಂಕ ಕಡಮೆಯಾದರೆ ಬಿಡಿಸುತ್ತೇನೆ” ಎಂದರು. ಪೂರ್ತಿ ಒಪ್ಪಿಗೆಯಲ್ಲ, ಆದರೆ ಬಾಗಿಲು ಮುಚ್ಚಲಿಲ್ಲ.

ಹುಡುಗಿಯ ಸೊಂಟದಲ್ಲಿ ಈಗ ಹಳದಿ ಪಟ್ಟಿಯಿದೆ. ಹಳದಿ ಎಂದರೆ ಬೀಜ ಬೇರೂರುವ ಮಣ್ಣಿನ ಬಣ್ಣವೆಂದು ಅವರ ವಿವರಣೆ. ತರಗತಿಗೆ ನಾನು ಹೋದಾಗ ಮಕ್ಕಳೆಲ್ಲ ಎದ್ದು ನಿಂತು ನಮಸ್ಕರಿಸುತ್ತಾರೆ. ಮೊದಲು ಕೈ ಬೀಸಿ ಕೂರಿಸುತ್ತಿದ್ದೆ. ಈಗ ಪುಸ್ತಕವನ್ನು ಮೇಜಿನ ಮೇಲಿಟ್ಟು, ನಾನೂ ಕೈಮುಗಿದು, ಆಮೇಲೆ ಪಾಠಕ್ಕೆ ತೊಡಗುತ್ತೇನೆ.