ಕೀನ್ಯದಲ್ಲಿ ರಜೆಯ ದಿನಗಳೂ ಪ್ರಯಾಣದ ಎಚ್ಚರಿಕೆಯೂ

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಇಬ್ಬರು ತರುಣರು ಕೆಲಸದ ಮೇಲೆ ಕೀನ್ಯಕ್ಕೆ ಹೊರಟಿದ್ದಾರೆ. ಗಿರಣಿ ಗುಮಾಸ್ತರಾದ ನಾವು ಹೊಸ ಕ್ಯಾಲೆಂಡರು ಬಂದೊಡನೆ ರಜೆಗಳನ್ನು ಎಣಿಸುವವರು. ಪರನಾಡಿನಲ್ಲಿ ಆ ಎಣಿಕೆ ವಿಶ್ರಾಂತಿಗೆ ಮಾತ್ರವಲ್ಲ, ಕ್ಷೇಮಕ್ಕೂ ಬೇಕು.

ಅಲ್ಲಿ ಮೂರು ರಾಷ್ಟ್ರೀಯ ದಿನಗಳುಂಟು. 1963ರಲ್ಲಿ ಒಳಾಡಳಿತ ದೊರೆತ ನೆನಪಿಗೆ ಜೂನ್ 1, ಮದರಾಕ ದಿನ. ಹೋರಾಟದ ವೀರರ ಸ್ಮರಣೆಗೆ ಅಕ್ಟೋಬರ್ 20, ಮಶುಜಾ ದಿನ. ಜೋಮೋ ಕೆನ್ಯಾಟಾ ಮೊದಲಾದವರನ್ನು 1952ರಲ್ಲಿ ಬಂಧಿಸಿದ್ದು ಅಂದೇ. ಡಿಸೆಂಬರ್ 12 ಜಮ್‌ಹುರಿ ದಿನ. 1963ರ ಸ್ವಾತಂತ್ರ್ಯವೂ 1964ರ ಗಣರಾಜ್ಯವೂ ಆ ತಾರೀಖಿನವು. ರಜೆ ಭಾನುವಾರ ಬಿದ್ದರೆ ಮರುದಿನ ಬಿಡುವು. ಇಂಥ ದಿನ ಬ್ಯಾಂಕು, ಸರ್ಕಾರಿ ಕಚೇರಿಗಳು ಮುಚ್ಚಿರುತ್ತವೆ. ಆದ್ದರಿಂದ ಕೈಯಲ್ಲಿ ಸ್ವಲ್ಪ ಹಣವಿರಲಿ. ಪಾಸ್‌ಪೋರ್ಟಿನ ನಕಲು ಬೇರೆ ಚೀಲದಲ್ಲಿರಲಿ.

ಕ್ರಿಸ್‌ಮಸ್ ವಾರದಲ್ಲಿ ಪಟ್ಟಣದವರೆಲ್ಲ ಊರಿಗೆ ಹೊರಡುತ್ತಾರೆ. ದೀಪಾವಳಿಯ ಹಿಂದಿನ ದಿನದ ನಮ್ಮ ಮೋಟಾರು ನಿಲ್ದಾಣವನ್ನು ನೆನೆಸಿಕೊಳ್ಳಿ. ಮೊದಲೇ ಟಿಕೆಟು ತೆಗೆಯಿರಿ. ರಾತ್ರಿ ಪ್ರಯಾಣ ಬೇಡ. ಟಿಕೆಟಿನ ವೇಳೆಯನ್ನು ಎರಡು ಸಲ ಕೇಳಿರಿ. ಸ್ವಾಹಿಲಿಯಲ್ಲಿ ‘ಒಂದು ಗಂಟೆ’ ಎಂದರೆ ನಮ್ಮ ಬೆಳಗಿನ ಏಳು. ನಮ್ಮ ಹಿರಿಯರು ಸೂರ್ಯೋದಯದಿಂದ ಗಳಿಗೆ ಎಣಿಸಿದಂತೆಯೇ ಅದು!

ಪಟ್ಟಿಯಲ್ಲಿಲ್ಲದ ದಿನವೂ ಒಂದುಂಟು. ಜುಲೈ 7, ‘ಸಬಾ ಸಬಾ’. ಬಹುಪಕ್ಷ ಪದ್ಧತಿ ಬೇಕೆಂದು 1990ರಲ್ಲಿ ಜನ ಬೀದಿಗಿಳಿದ ದಿನ. 2025ರಲ್ಲಿಯೂ ಅಂದು ಪ್ರಾಣಹಾನಿಯಾಯಿತು. ಅಂಥ ದಿನ ನೈರೋಬಿಯ ನಡುಪೇಟೆಗೆ ಹೋಗಬೇಡಿ. ಗುಂಪಿನ ಹತ್ತಿರ ನಿಲ್ಲಬೇಡಿ. ಆಪತ್ತಿಗೆ 999 ಅಥವಾ 112ಕ್ಕೆ ಫೋನು ಮಾಡಬಹುದು.

ಇನ್ನು ಪೀತಜ್ವರದ ಚುಚ್ಚುಮದ್ದು. ಹೊರಡುವ ಹತ್ತು ದಿನ ಮೊದಲಾದರೂ ಸರ್ಕಾರ ಒಪ್ಪಿದ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೂ ಪ್ರತ್ಯೇಕವಾಗಿ ಇರಿಸುತ್ತಾರೆ. ನಮ್ಮವರೊಬ್ಬರು ಕಾಯಿಲೆಯ ತಾಯಿಯನ್ನು ನೋಡಲು ಎಂಟು ದಿನದ ರಜೆ ಪಡೆದು ಬಂದಿದ್ದರು. ಕಾಗದ ಅಲ್ಲಿಯ ಕೊಠಡಿಯಲ್ಲಿಯೇ ಉಳಿದಿತ್ತು. ಆರು ದಿನ ಅಲ್ಲೇ ಕಳೆದವು. ತಾಯಿಯ ಬಳಿ ಕುಳಿತದ್ದು ಒಂದೇ ರಾತ್ರಿ. ಆ ಕಾಗದವನ್ನು ಪಾಸ್‌ಪೋರ್ಟಿನೊಳಗೇ ಇಡಿ.

ಮೊಂಬಾಸಾ, ಕಿಸುಮು ಕಡೆ ಮಲೇರಿಯಾ ಇದೆ. ಸೊಳ್ಳೆಪರದೆ ಬಿಡಬೇಡಿ. ಊರಿಗೆ ಬಂದ ಮೇಲೆ ಜ್ವರ ಬಂದರೆ, ಎಲ್ಲಿಂದ ಬಂದಿರಿ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.

ತಾರೀಖುಗಳನ್ನು ಬರೆದು ವಾಚನಾಲಯದ ಹಲಗೆಗೆ ಅಂಟಿಸಿದ್ದೇವೆ. ಹೊರಟವರು ನಕಲು ಮಾಡಿಕೊಳ್ಳಲಿ. ಸುಖವಾಗಿ ಹೋಗಿ, ಸುಖವಾಗಿ ಬರಲಿ.