ಎಲ್ಲರ ಜಾಗ, ಯಾರ ಹೊಣೆ?



ಇಂದು ನಾನು ನಿಮ್ಮೊಂದಿಗೆ ಮಾತನಾಡಲಿರುವ ವಿಷಯ ಮೇಲುನೋಟಕ್ಕೆ ಬಹಳ ಸಣ್ಣದು. ಒಂದು ಕಚೇರಿಯಲ್ಲಿ ಹತ್ತಾರು ಮಂದಿ ನೌಕರರು ಒಂದೇ ಸರ್ವರನ್ನು ಹಂಚಿಕೊಂಡು ಕೆಲಸ ಮಾಡುತ್ತಾರೆ. ಕೆಲವರು ಅದರಲ್ಲಿ ಮಿತಿಮೀರಿ ಫೈಲುಗಳನ್ನು ತುಂಬುತ್ತಾರೆ. ಒಂದು ದಿನ ಜಾಗ ಮುಗಿದುಹೋಗುತ್ತದೆ. ಆಗ ಏನು ಮಾಡಬೇಕು? "ಬೇಡವಾದದ್ದನ್ನು ಅಳಿಸಿದರಾಯಿತು" ಎಂದು ನೀವು ಥಟ್ಟನೆ ಹೇಳಬಹುದು. ಒಂದು ಕಾಲಕ್ಕೆ ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಬೇಡವಾದದ್ದು ಯಾವುದು, ಅದನ್ನು ಹೇಳುವವರು ಯಾರು ಎಂಬಲ್ಲಿಯೇ ನಿಜವಾದ ಪ್ರಶ್ನೆ ಇದೆ.

ಮೊದಲು ಸರ್ವರ್ ಎಂದರೇನು ಎಂಬುದನ್ನು ನೋಡೋಣ. ನಿಮ್ಮ ಶಾಲೆಯ ಗ್ರಂಥಾಲಯವನ್ನು ನೆನೆಸಿಕೊಳ್ಳಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಎಲ್ಲ ಪುಸ್ತಕಗಳನ್ನು ಕೊಳ್ಳುವ ಬದಲು ಒಂದು ಕಡೆ ಇಟ್ಟು ಎಲ್ಲರೂ ಬಳಸುತ್ತಾರಲ್ಲವೇ? ಹಾಗೆಯೇ ಕಚೇರಿಯ ಪತ್ರಗಳು, ಲೆಕ್ಕಪಟ್ಟಿಗಳು, ದಾಖಲೆಗಳ ಚಿತ್ರಗಳು ಇವೆಲ್ಲವನ್ನೂ ಒಂದು ಕಂಪ್ಯೂಟರಿನಲ್ಲಿಟ್ಟು, ಉಳಿದ ಕಂಪ್ಯೂಟರುಗಳಿಂದ ತಂತಿಯ ಜಾಲದ ಮೂಲಕ ಅದನ್ನು ತಲುಪುವ ವ್ಯವಸ್ಥೆ ಇದು. ಒಬ್ಬರು ರಜೆ ಹಾಕಿದರೂ ಅವರ ಕೆಲಸ ಇನ್ನೊಬ್ಬರಿಗೆ ಸಿಗುತ್ತದೆ. ಒಂದು ಕಂಪ್ಯೂಟರು ಕೆಟ್ಟರೂ ದಾಖಲೆ ಉಳಿಯುತ್ತದೆ. ಅನುಕೂಲ ದೊಡ್ಡದು. ಆದರೆ ಜಾಗ ಎಲ್ಲರದೂ ಆದಾಗ ಅದರ ಚಿಂತೆ ಯಾರದೂ ಅಲ್ಲ ಎಂಬಂತಾಗುವುದೂ ಉಂಟು.

2012ರ ಮಾರ್ಚ್ ತಿಂಗಳ ಕೊನೆಯ ವಾರ. ನಾನಿದ್ದ ಕಚೇರಿಯಲ್ಲಿ ಸರ್ವರಿನ ಉಸ್ತುವಾರಿ ನನ್ನದಾಗಿತ್ತು. ಆರ್ಥಿಕ ವರ್ಷ ಮುಗಿಯುವ ದಿನಗಳು ಹೇಗಿರುತ್ತವೆ ಎಂಬುದು ಕಚೇರಿಯಲ್ಲಿ ದುಡಿದವರಿಗೆ ಗೊತ್ತು. ಲೆಕ್ಕ ಶಾಖೆಯ ಒಬ್ಬ ಯುವತಿ ಎರಡು ದಿನ ಕುಳಿತು ಖರ್ಚಿನ ತಃಖ್ತೆಯನ್ನು ಸಿದ್ಧಪಡಿಸಿದ್ದರು. ಸಂಜೆ ಅದನ್ನು ಉಳಿಸಲು ಹೋದಾಗ 'ಜಾಗವಿಲ್ಲ' ಎಂಬ ಸಂದೇಶ ಬಂತು. ಗಾಬರಿಯಿಂದ ಮತ್ತೆ ಮತ್ತೆ ಗುಂಡಿ ಒತ್ತಿದರು. ಪ್ರೋಗ್ರಾಂ ಮುಚ್ಚಿಕೊಂಡಿತು. ಪುನಃ ತೆರೆದು ನೋಡಿದಾಗ ಫೈಲಿನ ಹೆಸರು ಇತ್ತು. ಒಳಗೆ ಏನೂ ಇರಲಿಲ್ಲ. ಅದರ ಅಳತೆ ಸೊನ್ನೆ ಬೈಟ್. ಆಕೆ ಆ ರಾತ್ರಿ ಕಚೇರಿಯಲ್ಲೇ ಕುಳಿತು ಎಲ್ಲವನ್ನೂ ಮತ್ತೆ ಬರೆದರು. ಜಾಗವನ್ನು ತುಂಬಿದವರು ಆಕೆಯಲ್ಲ. ನಷ್ಟ ಅನುಭವಿಸಿದವರು ಮಾತ್ರ ಆಕೆ. ಹಂಚಿಕೆಯ ವಸ್ತುವಿನ ಕಷ್ಟವೇ ಇದು.

ಡಿಸ್ಕು ತುಂಬಿದಾಗ ಹೊಸ ಫೈಲು ಬರೆಯಲಾಗದು ಎಂಬುದಷ್ಟೇ ತೊಂದರೆಯಲ್ಲ. ಸರ್ವರು ತನ್ನ ದಿನಚರಿಯನ್ನು ಬರೆದುಕೊಳ್ಳಲು, ಮುದ್ರಣಕ್ಕೆ ಸಾಲಿನಲ್ಲಿರುವ ಪುಟಗಳನ್ನು ಇಟ್ಟುಕೊಳ್ಳಲು, ದತ್ತಸಂಚಯವನ್ನು ತಿದ್ದಲು ಅದಕ್ಕೂ ಸ್ವಲ್ಪ ಜಾಗ ಬೇಕು. ಅದಿಲ್ಲದಿದ್ದರೆ ಒಂದೊಂದೇ ಸೇವೆ ನಿಲ್ಲುತ್ತದೆ. ಇದನ್ನು ತಿಳಿದೇ ಲಿನಕ್ಸ್‌ನ ಎಕ್ಸ್ಟ್4 ಎಂಬ ಫೈಲು ವ್ಯವಸ್ಥೆಯಲ್ಲಿ ನೂರಕ್ಕೆ 5 ಭಾಗ ಜಾಗವನ್ನು ಮೊದಲೇ ಮೇಲ್ವಿಚಾರಕನಿಗೆಂದು ಕಾದಿರಿಸಿರುತ್ತಾರೆ. ಬಿತ್ತನೆಯ ಬೀಜವನ್ನು ಊಟಕ್ಕೆ ಬಳಸದೆ ಬೇರೆ ಕಟ್ಟಿಡುವ ಹಾಗೆ.

ಇನ್ನು ನಾನು ಮಾಡಿದ ತಪ್ಪಿನ ವಿಷಯ. ಮರುದಿನ ನೌಕರರ ಸಭೆ ಸೇರಿತು. ಯಾರ ಫೋಲ್ಡರಿನಲ್ಲಿ ಎಷ್ಟು ಜಾಗ ಹೋಗಿದೆ ಎಂಬ ಪಟ್ಟಿಯನ್ನು ತೆಗೆದು, ದೊಡ್ಡದರಿಂದ ಆರಂಭಿಸಿ ಹೆಸರುಗಳನ್ನು ಗಟ್ಟಿಯಾಗಿ ಓದಿದೆ. ಮೊದಲ ಹೆಸರು ದಾಖಲೆ ಶಾಖೆಯ ಹಿರಿಯರೊಬ್ಬರದು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. "ಸಿನಿಮಾ ತುಂಬಿದ್ದೀರಾ ಯಜಮಾನರೇ?" ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು. ಅವರು ತಲೆ ತಗ್ಗಿಸಿ ಕುಳಿತರು.

ಸಭೆಯಾದ ಮೇಲೆ ನಾನು ಅವರ ಮೇಜಿಗೆ ಹೋಗಿ, ಅವರ ಎದುರಿನಲ್ಲೇ ಫೋಲ್ಡರು ತೆರೆಸಿದೆ. ಅಲ್ಲಿ ಸಿನಿಮಾ ಇರಲಿಲ್ಲ, ಹಾಡು ಇರಲಿಲ್ಲ. ಇದ್ದದ್ದೆಲ್ಲ ಹಳೆಯ ಸೇವಾಪುಸ್ತಕಗಳ ಸ್ಕ್ಯಾನ್ ಪ್ರತಿಗಳು. ಆದರೆ ಪ್ರತಿ ಪುಟವೂ ಬಣ್ಣದಲ್ಲಿ, ಅತಿ ಸೂಕ್ಷ್ಮ ಮಟ್ಟದಲ್ಲಿ ತೆಗೆದದ್ದು. "ಇಷ್ಟು ದೊಡ್ಡದಾಗಿ ಯಾಕೆ ಇಟ್ಟಿರಿ?" ಎಂದು ಕೇಳಿದೆ. "ಸ್ಕ್ಯಾನರು ಬಂದ ದಿನ ನೀವೇ ಹೊಂದಿಸಿಕೊಟ್ಟದ್ದಲ್ಲವೇ ಸಾರ್? ನಾನು ಅದನ್ನು ಮುಟ್ಟಲಿಲ್ಲ" ಎಂದರು. ಅದು ನಿಜವಾಗಿತ್ತು.

ಈ ಲೆಕ್ಕವನ್ನು ನೀವೂ ಕಾಗದ ಪೆನ್ಸಿಲು ಹಿಡಿದು ಮಾಡಬಹುದು. ಎ4 ಅಳತೆಯ ಒಂದು ಪುಟವನ್ನು ಒಂದು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2,480, ಉದ್ದಕ್ಕೆ 3,508 ಚುಕ್ಕೆಗಳು. ಗುಣಿಸಿದರೆ ಸುಮಾರು 87 ಲಕ್ಷ. ಬರಿಯ ಕಪ್ಪು ಬಿಳುಪಾದರೆ ಒಂದು ಚುಕ್ಕೆಗೆ ಒಂದು ಬಿಟ್ ಸಾಕು. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಪುಟಕ್ಕೆ ಸುಮಾರು 1.1 ಮೆಗಾಬೈಟ್. ಬಣ್ಣದಲ್ಲಾದರೆ ಒಂದು ಚುಕ್ಕೆಗೆ 3 ಬೈಟ್. ಪುಟಕ್ಕೆ 26 ಮೆಗಾಬೈಟ್. ಅದನ್ನೇ ಅಂಗುಲಕ್ಕೆ 600 ಚುಕ್ಕೆಗಳಿಗೆ ಏರಿಸಿದರೆ ಅಡ್ಡಕ್ಕೂ ಎರಡರಷ್ಟು, ಉದ್ದಕ್ಕೂ ಎರಡರಷ್ಟು. ಒಟ್ಟು ನಾಲ್ಕರಷ್ಟು, ಎಂದರೆ 104 ಮೆಗಾಬೈಟ್. ಅದೇ ಪುಟ, ಅದೇ ಅಕ್ಷರ. ಜಾಗ ಮಾತ್ರ 96 ಪಟ್ಟು! ಫೈಲುಗಳನ್ನು ಸಂಕುಚಿಸಿ ಇಡುವುದರಿಂದ ಈ ಅಂಕಿಗಳು ಬಹಳಷ್ಟು ಇಳಿಯುತ್ತವೆ, ನಿಜ. ಆದರೂ ಅಂತರ ದೊಡ್ಡದಾಗಿಯೇ ಉಳಿಯುತ್ತದೆ. ಹಾಗೆಂದು ಎಲ್ಲವನ್ನೂ ಕಪ್ಪು ಬಿಳುಪಿನಲ್ಲಿ ತೆಗೆಯುವುದೂ ಸರಿಯಲ್ಲ. ಮಾಸಿದ ಶಾಯಿ, ಬಣ್ಣದ ಮುದ್ರೆ, ನಕ್ಷೆ ಇರುವ ಪುಟಕ್ಕೆ ಬಣ್ಣ ಬೇಕು. ಯಾವುದಕ್ಕೆ ಎಷ್ಟು ಬೇಕೋ ಅಷ್ಟು ಎಂಬುದೇ ಇಲ್ಲಿಯ ವಿವೇಕ.

ಜಾಗ ತುಂಬುವ ಇನ್ನೊಂದು ದಾರಿ ಪ್ರತಿಗಳದು. 10 ಮೆಗಾಬೈಟಿನ ಒಂದು ಸುತ್ತೋಲೆಯನ್ನು 40 ಮಂದಿಗೆ ಕಳಿಸಿದಾಗ ಪ್ರತಿಯೊಬ್ಬರೂ ತಮ್ಮ ಫೋಲ್ಡರಿನಲ್ಲಿ ಇಟ್ಟುಕೊಂಡರೆ 400 ಮೆಗಾಬೈಟ್ ಹೋಯಿತು. ಜೊತೆಗೆ 'ಅಂತಿಮ', 'ಅಂತಿಮ 2', 'ನಿಜವಾದ ಅಂತಿಮ' ಎಂಬ ಹೆಸರಿನ ಪ್ರತಿಗಳು ಬೇರೆ! ಇದು ಸೋಮಾರಿತನವಷ್ಟೇ ಅಲ್ಲ, ಭಯವೂ ಹೌದು. ನಾಳೆ ಯಾರಾದರೂ ಕೇಳಿದರೆ, ಕಳೆದುಹೋದರೆ ಎಂಬ ಭಯದಿಂದ ಜನ ಕೂಡಿಡುತ್ತಾರೆ. ಅಟ್ಟದ ಮೇಲೆ ಹಳೆಯ ಪಾತ್ರೆಗಳನ್ನು ಎತ್ತಿಟ್ಟ ಅಜ್ಜಿಯಂದಿರ ಮನಸ್ಸೂ ಇದೇ ಅಲ್ಲವೇ? ಸ್ವಂತ ಮದುವೆಯ ವಿಡಿಯೋ, ಪ್ರವಾಸದ ಫೋಟೋಗಳನ್ನು ಸರ್ವರಿಗೆ ತುಂಬುವವರೂ ಇದ್ದಾರೆ. ಅದು ತಪ್ಪು, ಆದರೆ ಎಲ್ಲ ತೊಂದರೆಗೂ ಅದೇ ಕಾರಣವೆಂದು ಮೊದಲೇ ತೀರ್ಮಾನಿಸಬಾರದು.

"ಇನ್ನೊಂದು ಡಿಸ್ಕು ಕೊಂಡರೆ ಮುಗಿಯಿತಲ್ಲ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಸಂಗ್ರಾಹಕದಲ್ಲಿ 50 ತಟ್ಟೆಗಳಿದ್ದವು. ಸುಮಾರು ಒಂದು ಟನ್ ತೂಕದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಅದನ್ನು ತುಂಬಿಬಿಡಬಲ್ಲದು. ಡಿಸ್ಕು ಅಷ್ಟು ಅಗ್ಗವಾಗಿದೆ. ಆದರೆ ಸರ್ವರಿನ ಫೈಲಿಗೆ ಒಂದು ಪ್ರತಿ ಸಾಲದು. ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬುದು ಈ ಕಸುಬಿನವರು ಒಪ್ಪಿದ ನಿಯಮ. ಹಾಗಾಗಿ ಒಂದು ಗಿಗಾಬೈಟ್ ಕಸಕ್ಕೆ ಮೂರು ಗಿಗಾಬೈಟ್ ಜಾಗ ಹೋಗುತ್ತದೆ. ಸಮಯದ ಲೆಕ್ಕವನ್ನೂ ನೋಡಿ. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ 1 ಟೆರಾಬೈಟ್ ಪ್ರತಿ ಮಾಡಲು 10,000 ಸೆಕೆಂಡು, ಎಂದರೆ ಸುಮಾರು 2 ಗಂಟೆ 47 ನಿಮಿಷ. 6 ಟೆರಾಬೈಟ್ ಆದರೆ 16 ಗಂಟೆ 40 ನಿಮಿಷ. ಸಂಜೆ ಕಚೇರಿ ಮುಚ್ಚಿದ ಮೇಲೆ ಪೂರ್ಣ ಪ್ರತಿ ಆರಂಭಿಸಿದರೆ ಬೆಳಿಗ್ಗೆ ಬಾಗಿಲು ತೆರೆಯುವಾಗಲೂ ಅದು ಮುಗಿದಿರುವುದಿಲ್ಲ. ಕೆಲಸ ಅದಕ್ಕಿರುವ ಸಮಯವನ್ನೆಲ್ಲ ತುಂಬುವಂತೆ ಹಿಗ್ಗುತ್ತದೆ ಎಂದು 1955ರಲ್ಲಿ ಪಾರ್ಕಿನ್ಸನ್ ಎಂಬ ಇತಿಹಾಸಕಾರರು ವಿನೋದವಾಗಿ ಬರೆದರು. ಫೈಲುಗಳ ಗುಣವೂ ಅದೇ. ದೊಡ್ಡ ಡಿಸ್ಕು ತಂದರೆ ತೊಂದರೆ ಮುಂದೆ ಹೋಗುತ್ತದೆಯೇ ಹೊರತು ತೀರುವುದಿಲ್ಲ.

ಹಾಗಾದರೆ ದಾರಿ ಯಾವುದು? 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ, ಎಲ್ಲರಿಗೂ ತೆರೆದಿಟ್ಟ ಗೋಮಾಳದಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಒಂದೊಂದು ಹಸುವನ್ನು ಹೆಚ್ಚಿಸುತ್ತ ಹೋಗಿ ಕೊನೆಗೆ ಗೋಮಾಳವೇ ಬರಿದಾಗುತ್ತದೆ ಎಂದು ವಾದಿಸಿದರು. ಎಲಿನರ್ ಆಸ್ಟ್ರಂ ಎಂಬ ವಿದುಷಿ ಇದು ಯಾವಾಗಲೂ ಹೀಗೇ ಆಗಬೇಕಿಲ್ಲ ಎಂದು ತೋರಿಸಿಕೊಟ್ಟರು. ನೀರಾವರಿ ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆಗಳನ್ನು ಜನರೇ ಕೂಡಿ ಕಾಪಾಡಿಕೊಂಡ ನಿದರ್ಶನಗಳನ್ನು ಅವರು 1990ರ ತಮ್ಮ ಗ್ರಂಥದಲ್ಲಿ ವಿವರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಬಳಸುವವರೇ ಸೇರಿ ನಿಯಮ ಮಾಡಬೇಕು, ಬಳಕೆಯ ಮೇಲೆ ಕಣ್ಣಿರಬೇಕು, ತಪ್ಪಿದವರಿಗೆ ಮೊದಲು ಸಣ್ಣ ಎಚ್ಚರಿಕೆ, ಆಮೇಲೆ ದೊಡ್ಡದು ಎಂಬುದು ಅವರು ಕಂಡ ಸೂತ್ರಗಳಲ್ಲಿ ಮುಖ್ಯವಾದವು.

ನಮ್ಮ ಹಳ್ಳಿಗಳ ಹಿರಿಯರಿಗೆ ಇದು ಹೊಸ ಮಾತಲ್ಲ. ಕೆರೆಯ ತೂಬನ್ನು ತೆರೆದು ಮುಚ್ಚುತ್ತಿದ್ದ ನೀರುಗಂಟಿಯನ್ನು ಅವರು ಬಲ್ಲರು. ನೀರು ಅವನದಲ್ಲ, ಊರಿನದು. ಯಾವ ಗದ್ದೆಗೆ ಎಷ್ಟು ಹೊತ್ತು ಎಂಬ ಕಟ್ಟಳೆಯೂ ಊರಿನದೇ. ಅದನ್ನು ನಡೆಸುವುದು ಮಾತ್ರ ಅವನ ಕೆಲಸ. ಸುಗ್ಗಿಯಲ್ಲಿ ಅವನಿಗೆ ಧಾನ್ಯ ಕೊಡುತ್ತಿದ್ದವರೂ ಅದೇ ರೈತರು. ಸರ್ವರಿನ ಉಸ್ತುವಾರಿಯವನು ನೀರುಗಂಟಿಯಾಗಬೇಕು, ಪೊಲೀಸಿನವನಾಗಬಾರದು. ನಾನು ಪೊಲೀಸಿನವನಾಗಲು ಹೊರಟಿದ್ದೆ. ಫಲವೇನಾಯಿತು ಗೊತ್ತೇ? ಸಭೆಯ ಅವಮಾನಕ್ಕೆ ಹೆದರಿ ಕೆಲವರು ಕಚೇರಿಯ ದಾಖಲೆಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ಯತೊಡಗಿದರು. ಜಾಗ ಉಳಿಯಿತು, ದಾಖಲೆಗಳೇ ಕಚೇರಿಯಿಂದ ಹೊರಬಿದ್ದವು. ಇದು ಮೊದಲಿಗಿಂತ ದೊಡ್ಡ ಅಪಾಯ.

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು, ಸ್ಕ್ಯಾನರಿನ ತಪ್ಪು ನನ್ನದೆಂದು ಹೇಳಿ ಆ ಹಿರಿಯರ ಕ್ಷಮೆ ಕೇಳಿದೆ. ಅಂದಿನಿಂದ ಕೆಲಸ ಸುಗಮವಾಯಿತು. ನಾವು ನಡೆದ ಕ್ರಮವನ್ನು ನಿಮಗೆ ಹೇಳುತ್ತೇನೆ.

ಮೊದಲು ಅಳತೆ. ಯಾವ ಶಾಖೆ, ಯಾವ ಬಗೆಯ ಫೈಲು, ಎಷ್ಟು ವರ್ಷ ಹಳೆಯದು ಎಂಬ ಪಟ್ಟಿ ಮಾಡಿದೆವು. ಪ್ರತಿಯೊಬ್ಬರ ವಿವರವನ್ನು ಅವರಿಗೆ ಮಾತ್ರ ಕೊಟ್ಟೆವು. ಎರಡನೆಯದು ವಿಚಾರಣೆ. ಅಳಿಸುವ ಮುನ್ನ "ಇದು ಏಕೆ ಬೇಕು?" ಎಂದು ಕೇಳಿದೆವು. ಮೂರನೆಯದು ಮಿತಿ. ಇದಕ್ಕೆ ಒಳ್ಳೆಯ ಉಪಾಯ ಬಹಳ ಹಿಂದೆಯೇ ಬಂದಿದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ಜ್ ಅವರು ರೂಪಿಸಿದ ಡಿಸ್ಕ್ ಕೋಟಾ ವ್ಯವಸ್ಥೆ 1983ರ ಬಿಎಸ್‌ಡಿ ಯೂನಿಕ್ಸ್‌ನಲ್ಲಿ ಸೇರಿತು. ಅದರಲ್ಲಿ ಮಿತಿಗಳು ಎರಡು. 20 ಗಿಗಾಬೈಟ್ ಮೆದು ಮಿತಿ, 25 ಗಿಗಾಬೈಟ್ ಗಟ್ಟಿ ಮಿತಿ ಎಂದಿಟ್ಟುಕೊಳ್ಳಿ. 20 ದಾಟಿದರೆ ಎಚ್ಚರಿಕೆ ಬರುತ್ತದೆ, ಕೆಲಸ ನಿಲ್ಲುವುದಿಲ್ಲ. ಒಂದು ವಾರದಂತಹ ಗಡುವಿನೊಳಗೆ ತಗ್ಗಿಸಬೇಕು. 25 ಅನ್ನು ಮಾತ್ರ ದಾಟುವಂತೆಯೇ ಇಲ್ಲ. ಎಲ್ಲರಿಗೂ ಒಂದೇ ಮಿತಿ ಇಡುವುದು ಸಮವಾದೀತು, ನ್ಯಾಯವಾಗಲಾರದು. ಪತ್ರ ಬರೆಯುವವರಿಗೂ ನಕ್ಷೆ ಬಿಡಿಸುವವರಿಗೂ ಬೇಕಾದ ಜಾಗ ಒಂದೇ ಅಲ್ಲ.

ನಾಲ್ಕನೆಯದು ಕಾನೂನು. ಕಾಗದದ ಕಡತಗಳಿಗೆ ಇಷ್ಟು ವರ್ಷ ಇಡಬೇಕು ಎಂಬ ಅವಧಿಪಟ್ಟಿ ಇರುವಂತೆ ಫೈಲುಗಳಿಗೂ ಇರಬೇಕು. 2013ರ ಕಂಪನಿ ಕಾಯಿದೆಯಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷ ಕಾದಿಡಬೇಕು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ, ಕಂಪ್ಯೂಟರಿನಿಂದ ಹುಟ್ಟಿದ ಸಾಮಗ್ರಿಯನ್ನೂ ದಾಖಲೆಯೆಂದೇ ಎಣಿಸುತ್ತದೆ. ನಿಯಮ ಮೀರಿ ದಾಖಲೆ ನಾಶಪಡಿಸಿದವರಿಗೆ 5 ವರ್ಷದವರೆಗೆ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿದೆ. ಆದ್ದರಿಂದ 'ಅಳಿಸಿದರಾಯಿತು' ಎಂಬ ಮಾತು ಎಷ್ಟು ಹಗುರವೋ ಆ ಕೆಲಸ ಅಷ್ಟೇ ಭಾರ. ಬಳಕೆಯಲ್ಲಿಲ್ಲದ, ಆದರೆ ಇಡಲೇಬೇಕಾದ ಫೈಲುಗಳನ್ನು ನಾವು ಬೇರೊಂದು ಸಂಗ್ರಹಕ್ಕೆ ಸಾಗಿಸಿದೆವು. ಹಿರಿಯರ ಸೇವಾಪುಸ್ತಕಗಳೂ ಅಲ್ಲಿ ಭದ್ರವಾದವು.

ಮಿತ್ರರೇ, ನಾಳೆ ನಿಮ್ಮಲ್ಲಿ ಹಲವರು ಕಚೇರಿಗಳಿಗೆ ಹೋಗುವಿರಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಿಮ್ಮ ಕಾಲೇಜಿನ ಪ್ರಯೋಗಾಲಯದ ಹಂಚಿಕೆಯ ಫೋಲ್ಡರನ್ನೋ ಮನೆಯ ಮೊಬೈಲನ್ನೋ ತೆಗೆದುಕೊಳ್ಳಿ. ಅಳತೆಯ ಪ್ರಕಾರ ಫೈಲುಗಳನ್ನು ಜೋಡಿಸಿ, ಮೊದಲ ಹತ್ತನ್ನು ಬರೆದುಕೊಳ್ಳಿ. ಯಾವುದು ಎರಡು ಸಲ ಇದೆ, ಯಾವುದನ್ನು ಒಂದು ವರ್ಷದಿಂದ ತೆರೆದಿಲ್ಲ ನೋಡಿ. ನಿಮ್ಮದನ್ನು ನೀವೇ ತೆಗೆಯಿರಿ. ಇನ್ನೊಬ್ಬರದಾದರೆ ಅವರನ್ನು ಕೇಳಿ, ಆಮೇಲೆ ಕೈಹಾಕಿ.

ಎಲ್ಲರ ಜಾಗ ಯಾರ ಹೊಣೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿಂದಲೇ.